ಬಾನೆಟ್ಟಿನ ಬಾಯಿ, ಅವ್ವನ ಅಕ್ಷತೆ

ನಮ್ಮಪ್ಪ ಜೀವನದಲ್ಲಿ ಮಾಡಿದ ಒಂದೇ ಒಂದು ಹುಚ್ಚು ಕೆಲಸವೆಂದರೆ ಆ ಕಾರು. ವಿಜಯಪುರದಿಂದ ಬಂದು ಸಿಕಂದರಾಬಾದಿನಲ್ಲಿ ತೊಗರಿಬೇಳೆ ಅಂಗಡಿ ಹಾಕಿದವರು, ಹೊಸ ಚಪ್ಪಲಿ ಕೊಳ್ಳಲೂ ಹಬ್ಬ ಬರಲಿ ಎಂದು ಕಾಯುವವರು. ಅಂಥವರು ಒಂದು ದಿನ ಹಳೆಯ ಜಪಾನಿ ಸ್ಪೋರ್ಟ್ಸ್ ಕಾರೊಂದನ್ನು ತಂದು ಮಲ್ಕಾಜ್‌ಗಿರಿಯ ಮನೆ ಮುಂದೆ ನಿಲ್ಲಿಸಿದರು. ಎರಡೇ ಬಾಗಿಲು, ಟರ್ಬೊ ಎಂಜಿನ್, ಬಾನೆಟ್ಟಿನ ಮೇಲೆ ತೆರೆದ ಬಾಯಿಯಂಥ ಒಂದು ಕಿಂಡಿ. ಗಲ್ಲಿಯ ಜನವೆಲ್ಲ ಬಂದು ನೋಡಿತು. ಅವ್ವ ಮಾತ್ರ ಹೊಸ್ತಿಲು ದಾಟಲಿಲ್ಲ. "ಇಷ್ಟು ದೊಡ್ಡ ಬಾಯಿ ತಕ್ಕೊಂಡು ಕುಂತೈತಲ್ರಿ, ಊರ ಮಂದಿ ಕಣ್ಣೆಲ್ಲಾ ಇದರಾಗ ಬೀಳತೈತಿ ನೋಡ್ರಿ," ಎಂದಳು.

ಅಂದಿನಿಂದ ಪ್ರತಿ ಅಮಾವಾಸ್ಯೆಗೆ ಅಂಗಡಿಯ ತಕ್ಕಡಿಗೆ ಪೂಜೆ ಮಾಡಿದ ಮೇಲೆ ಕಾರಿಗೂ ಪೂಜೆ ನಡೆಯಿತು. ಅಪ್ಪ ಹೋದ ಮೇಲೂ ಅವ್ವ ಅದನ್ನು ತಪ್ಪಿಸಲಿಲ್ಲ.

ಅಂಗಡಿ ಅಣ್ಣನಿಗೂ ನನಗೂ ಬಂತು, ಜೊತೆಗೆ ಕಾರೂ ಬಂತು. ಅಣ್ಣನಿಗೆ ಅಂಗಡಿಯ ಮೇಲೆ ಪ್ರೀತಿ, ನನಗೆ ಕಾರಿನ ಮೇಲೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನನಗೆ ಅಪ್ಪನ ಹೆಗ್ಗಣವೂ ಮುದ್ದಾಗಿತ್ತು. ಚಳಿಗಾಲದ ಬೆಳಗ್ಗೆ ರಿಂಗ್ ರೋಡಿನಲ್ಲಿ ಕಾಲೊತ್ತಿದರೆ ಅದು ಸಣ್ಣಗೆ ಶಿಳ್ಳೆ ಹೊಡೆದು ಬೆನ್ನನ್ನು ಸೀಟಿಗೆ ಅಮುಕಿಬಿಡುತ್ತಿತ್ತು. ಶಿವರಾತ್ರಿ ಕಳೆದು ಬಿಸಿಲೇರಿತೋ, ಅದಕ್ಕೆ ದಮ್ಮು ಕಟ್ಟುತ್ತಿತ್ತು. ಒಮ್ಮೆ ಫ್ಲೈಓವರ್ ಹತ್ತುವಾಗ ಮಂದಿ ತುಂಬಿದ ಆಟೋ ನಮ್ಮನ್ನು ದಾಟಿತು. ಆಟೋದವನು ತಲೆ ಹೊರಗೆ ಹಾಕಿ, "ಧಕ್ಕಾ ದೇನಾ ಕ್ಯಾ ಅಕ್ಕಾ?" ಎಂದ, ಹಿಂದಿನಿಂದ ತಳ್ಳಲೇನು ಎಂದು. ನಾನು ಮನೆ ಮುಟ್ಟುವ ತನಕ ಅವನನ್ನು ಬೈದೆ, ಮನೆಗೆ ಬಂದ ಮೇಲೂ ಬೈದೆ.

ಆ ಸಿಟ್ಟು ಆರುವ ಮೊದಲೇ ಅಣ್ಣ ಬೆಂಕಿಗೆ ತುಪ್ಪ ಸುರಿದ. ಶಂಶಾಬಾದಿನಲ್ಲಿ ಹಳೆಯ ಕಾರುಗಳನ್ನು ಕೂಡಿಡುವ ಒಬ್ಬರು ನಮ್ಮ ಕಾರನ್ನು ಕೇಳಿದ್ದರಂತೆ.

"ಕೊಟ್ಟುಬಿಡೂಣು ತಂಗಿ. ಉಗಾದಿಯಿಂದ ದೀಪಾವಳಿತನಾ ಹೊದ್ದು ಮಲಗತೈತಿ. ಇದೇನು ಗಾಡಿನೋ, ಮನಿ ಅಳಿಯನೋ?"

"ಅಪ್ಪನ ಗಾಡಿ ಅದು!"

"ಅಪ್ಪನ ಗಾಡಿ ಖರೆ. ಓಡಬೇಕಲ್ಲ?"

ನನ್ನ ನಾಲಿಗೆ ನನ್ನ ಮಾತು ಕೇಳುವ ಜಾತಿಯದಲ್ಲ. "ನಡು ಬ್ಯಾಸಿಗ್ಯಾಗ, ಮಟಮಟ ಮಧ್ಯಾಹ್ನ, ಅನಂತಗಿರಿ ಘಾಟ್ ಹತ್ತಸ್ತೀನಿ. ನೀನೂ ಕೂಡು, ಅವ್ವನೂ ಕೂಡಲಿ. ನಡುವ ದಮ್ಮು ಕಟ್ಟಿತಂದ್ರ ಅಲ್ಲಿಂದನ ಶಂಶಾಬಾದಿಗೆ ಒಯ್ದು ಬಿಟ್ಟು ಬರ್ತೀನಿ," ಎಂದುಬಿಟ್ಟೆ. ಅಣ್ಣ ಥಟ್ಟನೆ ಒಪ್ಪಿಕೊಂಡ. ಅವನು ನಗುತ್ತಿದ್ದ ರೀತಿ ನೋಡಿ ಮರುದಿನವೇ ಗಾಡಿಯನ್ನು ಗ್ಯಾರೇಜಿಗೆ ಒಯ್ದೆ.

ಗ್ಯಾರೇಜಿನ ಉಸ್ತಾದರು ರೇಡಿಯೇಟರ್ ನೋಡಿದರು, ಪ್ಲಗ್ ಬದಲಿಸಿದರು, ಟರ್ಬೊ ಕೂಡ ಸರಿಯಿದೆ ಎಂದರು. "ಗಾಡಿ ಬುಡ್ಢೀ ಹೋಗಯೀ ಮೇಡಂ," ಎಂದು ಕೈ ಒರೆಸಿಕೊಂಡರು. ಮುದಿತನ ಅನ್ನುವುದು ಎಲ್ಲ ರೋಗಕ್ಕೂ ಸುಲಭದ ಹೆಸರು. ನನಗೂ ಮಂಡಿ ನೋಯುತ್ತದೆ, ಹಾಗೆಂದು ನನ್ನನ್ನು ಯಾರಿಗಾದರೂ ಕೊಟ್ಟುಬಿಡುತ್ತಾರೆಯೇ?

ನಾನೇ ಓದಿ ತಿಳಿದುಕೊಂಡದ್ದು ಇಷ್ಟು. ಟರ್ಬೊ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ, ಒತ್ತಿದ ಗಾಳಿ ಕಾಯುತ್ತದೆ. ಅದನ್ನು ತಣಿಸಲು ನಡುವೆ ಒಂದು ಅಲ್ಯೂಮಿನಿಯಂ ಪೆಟ್ಟಿಗೆ ಇರುತ್ತದೆ, ಅದೇ ಇಂಟರ್‌ಕೂಲರ್. ನಮ್ಮ ಕಾರಿನಲ್ಲಿ ಅದು ಎಂಜಿನ್ನಿನ ನೆತ್ತಿಯ ಮೇಲೆ ಮಲಗಿದೆ. ಬಾನೆಟ್ಟಿನ ಬಾಯಿಯಿಂದ ನುಗ್ಗುವ ಹೊರಗಿನ ಗಾಳಿ ಅದರ ತೆಳು ಪದರಗಳ ಸಂದಿಯಲ್ಲಿ ಹಾದು ಕೆಳಗಿಳಿಯಬೇಕು. ಹಾಗೆ ಇಳಿಯದಿದ್ದರೆ ಕಾದ ಗಾಳಿ ಕಾದೇ ಒಳಗೆ ಹೋಗುತ್ತದೆ. ಎಂಜಿನ್ ಜಾಣ, ತನ್ನ ಪ್ರಾಣ ಉಳಿಸಿಕೊಳ್ಳಲು ಜೋರು ಇಳಿಸಿಬಿಡುತ್ತದೆ.

ಒಂದು ಭಾನುವಾರ ಅಂಗಳದಲ್ಲಿ ಕೂತು ಇಂಟರ್‌ಕೂಲರನ್ನು ಬಿಚ್ಚಿದೆ. ಬಿಚ್ಚಿ ತಿರುವಿ ನೋಡಿದವಳು ಹಾಗೇ ಕುಳಿತುಬಿಟ್ಟೆ. ಸಂದಿ ಸಂದಿಗೂ ಅಕ್ಕಿಕಾಳು. ತುಪ್ಪ, ಅರಿಶಿನ ಸವರಿದ ಅಕ್ಷತೆ, ಅದರ ಮೇಲೆ ಹೈದರಾಬಾದಿನ ಧೂಳು, ಅದರ ಮೇಲೆ ಮತ್ತೆ ಅಕ್ಷತೆ. ಒಂದು ಮೂಲೆಯಲ್ಲಿ ಒಣಗಿ ಕಲ್ಲಾದ ನಿಂಬೆಹಣ್ಣು, ಪಕ್ಕದಲ್ಲಿ ಮೆಣಸಿನಕಾಯಿ ತೊಟ್ಟುಗಳು. ಅವ್ವ ಪ್ರತಿ ಅಮಾವಾಸ್ಯೆಗೂ ದೃಷ್ಟಿ ಒಳಗೆ ಇಳಿಯದಿರಲೆಂದು ಆ ಬಾಯಿಗೇ ಗುರಿಯಿಟ್ಟು ಹಾಕಿದ್ದಳು. ಗುರಿ ಒಮ್ಮೆಯೂ ತಪ್ಪಿರಲಿಲ್ಲ.

"ಅವ್ವಾ, ಬಾ ಇಲ್ಲಿ. ಏನಿದು?"

ಅವ್ವ ಕನ್ನಡಕ ಏರಿಸಿ ಬಗ್ಗಿ ನೋಡಿದಳು. "ಅಕ್ಷತಿ."

"ಗಾಡಿ ಉಸಿರಾಡೂ ಜಾಗಾ ಇದು! ನೀ ಅದರ ಮೂಗಿನಾಗ ಅಕ್ಕಿ ತುಂಬೀಯಲ್ಲ!"

"ನಂಗೇನ್ ಗೊತ್ತವಾ? ಅಲ್ಲ, ಇಷ್ಟು ಅಕ್ಕಿ ತಿಂದೂ ಇಷ್ಟು ವರ್ಷ ಓಡೇತಿ ಅಂದ್ರ ದೇವರು ಕಾದಾನ ಅಂತನ ಅರ್ಥ," ಎಂದು ನನಗೇ ಒಂದು ಏಟು ಹೊಡೆದು ಒಳಗೆ ಹೋದಳು. ಸಿಟ್ಟೂ ಬಂತು, ನಗುವೂ ಬಂತು, ನಗುವೇ ಗೆದ್ದಿತು. ಸ್ವಲ್ಪ ಹೊತ್ತಿಗೆ ಅವ್ವ ಸೋಪಿನ ನೀರಿನ ಬಕೆಟ್ ಹಿಡಿದು ವಾಪಸು ಬಂದಳು. ತಾಯಿ ಮಗಳು ಸಂಜೆಯವರೆಗೆ ಕೂತು ಅಕ್ಕಿ ಆರಿಸಿದೆವು. ಬಾಗಿದ ಪದರಗಳನ್ನು ನನ್ನ ಹುಬ್ಬು ಕೀಳುವ ಚಿಮಟದಿಂದ ಒಂದೊಂದಾಗಿ ನೆಟ್ಟಗೆ ಮಾಡಿದೆ.

ಅಷ್ಟಕ್ಕೆ ಮುಗಿಯಲಿಲ್ಲ. ಇಂಟರ್‌ಕೂಲರ್ ಕೂಡಿಸಿ, ಬಾನೆಟ್ ಮುಚ್ಚಿ, ಎದುರಿಗೆ ಟೇಬಲ್ ಫ್ಯಾನ್ ಇಟ್ಟು ಕಿಂಡಿಯ ಬಾಯಿಗೆ ಊದಬತ್ತಿ ಹಿಡಿದೆ. ಹೊಗೆ ಕೆಳಗಿಳಿಯುವ ಬದಲು ಬಾನೆಟ್ಟಿನ ಅಂಚುಗಳಿಂದ ಹೊರಗೆ ನುಸುಳಿತು. ಬಾನೆಟ್ಟಿಗೂ ಇಂಟರ್‌ಕೂಲರಿಗೂ ನಡುವಿನ ಸ್ಪಂಜು ಕೊಳೆತು ಉದುರಿಹೋಗಿತ್ತು. ಗಾಳಿಗೇನು, ಅದು ಸುಲಭದ ದಾರಿ ಹುಡುಕುವ ಸೋಮಾರಿ. ಸಿಕಂದರಾಬಾದಿನಿಂದ ದಪ್ಪ ಕರಿ ಸ್ಪಂಜು ತಂದು ಸುತ್ತ ಅಂಟಿಸಿದೆ. ಮುಚ್ಚಿದಾಗ ಎಲ್ಲಿ ತಾಗುತ್ತದೆ, ಎಲ್ಲಿ ಇಲ್ಲ ಎಂದು ತಿಳಿಯಲು ಸ್ಪಂಜಿನ ಅಂಚಿಗೆಲ್ಲ ಒದ್ದೆ ಕುಂಕುಮ ಹಚ್ಚಿ ಬಾನೆಟ್ ಇಳಿಸಿದೆ. ಎತ್ತಿ ನೋಡಿದರೆ ಬಾನೆಟ್ಟಿನ ಒಳಮೈಯಲ್ಲಿ ಕೆಂಪು ಗೆರೆ ಮೂಡಿತ್ತು, ಎಡಗಡೆ ಮಾತ್ರ ತುಂಡಾಗಿತ್ತು. ಅಲ್ಲಿಗೆ ಇನ್ನೊಂದು ಪಟ್ಟಿ ಸೇರಿಸಿ, ಗೆರೆ ಸುತ್ತಲೂ ಕೂಡುವವರೆಗೆ ಬಿಡಲಿಲ್ಲ. ಕಾರಿಗೆ ಕುಂಕುಮ ಕಂಡು ಅವ್ವನಿಗೆ ಹಿಗ್ಗೋ ಹಿಗ್ಗು. "ಈಗ ನೋಡು, ಲಕ್ಷಣ ಬಂತು," ಎಂದಳು.

ಹೊಗೆ ಈಗ ಒಳಗಿಳಿಯಿತು. ಆದರೆ ಓಡಿಸಿ ನೋಡಿದರೆ ಬಿಸಿಲಿನಲ್ಲಿ ಇನ್ನೂ ಅರ್ಧ ದಮ್ಮೇ. ಅಣ್ಣ ದಿನಾ ಊಟಕ್ಕೆ ಕೂತಾಗ, "ಶಂಶಾಬಾದಿನವರು ಮತ್ತ ಕೇಳಿದ್ರು," ಎನ್ನುತ್ತಿದ್ದ. ಒಂದು ಮಧ್ಯಾಹ್ನ ಅವನೇ ದಾರಿ ತೋರಿಸಿದ, ತನಗೆ ಗೊತ್ತಿಲ್ಲದೆ. ನಾನು ಊಟಕ್ಕೆ ಕೂತಿದ್ದೆ, ನಮ್ಮ ನಡುಮನೆಯಲ್ಲಿ ನೀರಿನ ಕೂಲರ್ ಓಡುತ್ತಿತ್ತು. ಅಣ್ಣ ಬಂದವನೇ ಎದುರಿನ ಕಿಟಕಿಯನ್ನು ಪೂರ್ತಿ ತೆಗೆದ. ಬೀದಿಯ ಬಿಸಿಗಾಳಿ ರಪ್ಪನೆ ಒಳಗೆ ನುಗ್ಗಿತು, ಕೂಲರಿನ ತಂಪು ಹೆಜ್ಜೆ ಮುಂದಿಡದೆ ಅಲ್ಲೇ ನಿಂತಿತು.

"ಆ ಕಿಟಕಿ ಹಾಕೋ! ಹಿಂದಿನ ಕಿಟಕಿ ತಗಿ, ಗಾಳಿ ಹೊರಗ ಹೋಗೂ ಕಡೆ!" ಎಂದು ಅವ್ವ ಪ್ರತಿ ಬೇಸಿಗೆಯ ಹಾಗೆ ಕೂಗಿದಳು.

ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಕಾರಿನ ಹೊಟ್ಟೆಯ ಕೆಳಗೆ ಒಂದು ಪ್ಲಾಸ್ಟಿಕ್ ಹಲಗೆ ಇತ್ತು. ಸ್ಪೀಡ್ ಬ್ರೇಕರುಗಳಿಗೆ ತಾಗುತ್ತದೆ ಎಂದು ಅಣ್ಣ ಎಂದೋ ಅದನ್ನು ಬಿಚ್ಚಿಸಿದ್ದ. ಹಲಗೆ ಇಲ್ಲದೆ ರಸ್ತೆಯ ಬಿಸಿಗಾಳಿ ಮುಂದಿನಿಂದ ಹೊಟ್ಟೆಗೆ ನುಗ್ಗಿ, ಮೇಲಿನಿಂದ ಇಳಿಯಬೇಕಾದ ಗಾಳಿಯನ್ನು ಇಳಿಯಗೊಡುತ್ತಿರಲಿಲ್ಲ. ಮುಂದೆ ಮುಚ್ಚಿರಬೇಕು, ಹಿಂದೆ ತೆರೆದಿರಬೇಕು, ನಮ್ಮ ನಡುಮನೆಯ ಹಾಗೇ. ಎಂಜಲು ಕೈಯಲ್ಲೇ ಎದ್ದು ಅಟ್ಟದಿಂದ ಆ ಹಲಗೆ ಇಳಿಸಿದೆ. ಹಲಗೆ ಸೀಳಿದ್ದ ಕಡೆ ಉಸ್ತಾದರು ತಗಡು ಬಡಿದು ಅದನ್ನು ಮತ್ತೆ ಕೂಡಿಸಿದರು.

ಘಾಟಿನ ದಿನ ಬಿಸಿಲು ಕಣ್ಣು ಬಿಡಗೊಡುತ್ತಿರಲಿಲ್ಲ. ಅವ್ವ ಮುಂದಿನ ಸೀಟಿನಲ್ಲಿ, ಅಣ್ಣ ಹಿಂದಿನ ಇಕ್ಕಟ್ಟಿನಲ್ಲಿ ಮಂಡಿಗೆ ಗದ್ದ ಊರಿಕೊಂಡು. ವಿಕಾರಾಬಾದ್ ದಾಟಿ ಏರು ಶುರುವಾಯಿತು. ನನ್ನ ಕಣ್ಣು ಅರ್ಧ ರಸ್ತೆಯ ಮೇಲೆ, ಅರ್ಧ ಟರ್ಬೊ ಒತ್ತಡ ತೋರಿಸುವ ಮುಳ್ಳಿನ ಮೇಲೆ. ತಿರುವಿನಲ್ಲಿ ಒಂದು ಬಸ್ಸು ತೆವಳುತ್ತಿತ್ತು. ಅದರ ಹಿಂದೆ ನಿಧಾನಕ್ಕೆ ಹೋಗಬೇಕಾಯಿತು. ಗಾಡಿ ಕಾಯುವುದು ಹೀಗೆ ತೆವಳುವಾಗಲೇ.

"ಕಟ್ಟಿತೇನು ದಮ್ಮು?" ಎಂದ ಅಣ್ಣ.

ದಾರಿ ತೆರೆಯಿತು. ಎರಡನೇ ಗೇರಿಗೆ ಹಾಕಿ ಕಾಲೊತ್ತಿದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಆ ಸಣ್ಣ ಶಿಳ್ಳೆ! ಮುಳ್ಳು ಸರ್ರನೆ ಎದ್ದಿತು, ಎದ್ದು ಅಲ್ಲೇ ನಿಂತಿತು, ಬೆನ್ನು ಸೀಟಿಗೆ ಅಂಟಿತು. ಬಸ್ಸು ಹಿಂದೆ ಬಿತ್ತು, ಅದರ ಮುಂದಿನ ಜೀಪೂ ಹಿಂದೆ ಬಿತ್ತು. ಅವ್ವ ಬಾಗಿಲಿನ ಹಿಡಿ ಹಿಡಿದು, "ಸಾವಕಾಶ ಹೋಗ, ಹುಚ್ಚಿ!" ಎನ್ನುತ್ತಿದ್ದಳು, ಆದರೆ ಮುಖ ತುಂಬ ನಗು. ನಾನು ಗಂಟಲು ಹರಿಯುವಂತೆ ಕೂಗಿದೆ. ಅಪ್ಪ ಇದ್ದಿದ್ದರೆ ಅವರೂ ಕೂಗುತ್ತಿದ್ದರು.

ಮೇಲೆ ಮರದ ನೆರಳಿಗೆ ನಿಲ್ಲಿಸಿದೆ. ಅಣ್ಣ ಮಡಚಿದ ಕೊಡೆ ಬಿಚ್ಚಿದ ಹಾಗೆ ಹಿಂದಿನಿಂದ ಹೊರಬಂದು ಸೊಂಟ ನೀವಿಕೊಂಡ. ಫೋನ್ ತೆಗೆದ. "ಶಂಶಾಬಾದಿನ ಸಾಹೇಬ್ರ, ತಪ್ಪು ತಿಳೀಬ್ಯಾಡ್ರಿ, ಗಾಡಿ ಕೊಡೂದಿಲ್ರಿ," ಎಂದು ನನ್ನೆದುರಿಗೇ ಹೇಳಿದ.

ಅಷ್ಟರಲ್ಲಿ ಅವ್ವ ಕಾರಿನ ಮುಂದೆ ಹೋಗಿ ನಿಂತು ಸೆರಗಿನ ಗಂಟು ಬಿಚ್ಚಿದಳು. ಒಳಗೆ ಹಳದಿ ಅಕ್ಕಿ. ನಾನು ಅಡ್ಡ ಓಡಿದೆ. "ಅವ್ವಾ! ಬ್ಯಾಡ! ಅದರ ಬಾಯಾಗ ಬ್ಯಾಡ!"

"ಯಾರ್ ಹಾಕ್ತಾರ ಅದರ ಬಾಯಾಗ? ಬಗ್ಗ ಇಲ್ಲಿ."

ಬಗ್ಗಿದೆ. ಅವ್ವ ಅಕ್ಷತೆಯನ್ನೆಲ್ಲ ನನ್ನ ನೆತ್ತಿಯ ಮೇಲೆ ಸುರಿದಳು. "ಇಷ್ಟು ದಿನ ನಿಮ್ಮಪ್ಪನ ಗಾಡಿ ಅಂತ ಪೂಜಾ ಮಾಡಿದ್ನವಾ. ಇವತ್ತಿಂದ ನಿಂದು," ಎಂದಳು.

ಇಳಿಯುವಾಗ ತಿರುವು ತಿರುವಿಗೂ ನನ್ನ ಕೂದಲಿನಿಂದ ಅಕ್ಕಿಕಾಳು ತೊಡೆಯ ಮೇಲೆ ಉದುರುತ್ತಿದ್ದವು. ಮಲ್ಕಾಜ್‌ಗಿರಿ ಮುಟ್ಟುವವರೆಗೂ ನಾನು ಅವನ್ನು ಕೊಡವಲಿಲ್ಲ.