ಅತ್ತೆ ಕೊಟ್ಟ ಮುಡಿ

ಹೋದ ಸೋಮವಾರ ನನ್ನ ಮೊಮ್ಮಗಳ ಜವಳ ತೆಗೆಸಿದ್ವಿ. ಅಯ್ಯೋ, ಆ ಖುಷಿ ಹೆಂಗ ಬರೀಲಿ! ಬೋಳು ತಲೆ ಆಡಿಸುತ್ತ ಎರಡೇ ಹಲ್ಲು ತೋರಿಸಿ ನಕ್ಕಳು ನನ್ನ ಬಂಗಾರ. ಎಲ್ಲರಿಗಿಂತ ಮೊದಲು ನಾನೇ ಅಂಗೈಯಿಂದ ಆ ತಲೆ ಸವರಿ ನೋಡಿದೆ. ನುಣ್ಣಗಿತ್ತು. ಯಾಕೆ ಸವರಿದೆ ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನಾನು ನಾಕನೇ ಇಯತ್ತೆ ಓದಿದಾಕಿ, ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ.

ಅದು ಎಪ್ಪತ್ತೆಂಟನೇ ಇಸವಿ ಇರಬೇಕು. ಹಿರೇಹಡಗಲಿಗೆ ಸೊಸೆಯಾಗಿ ಬಂದು ವರ್ಷ ತುಂಬಿತ್ತು. ಮನೆಮಂದಿಯೆಲ್ಲ ಮಲ್ಲಿಗೆ ಕಟ್ಟುವವರು. ನನ್ನ ತಲೆಯಲ್ಲಿ ಹುಣಸೆಬೀಜದಂಥ ಗಂಟುಗಳಿದ್ದವು. ನಮ್ಮವ್ವನಿಗೂ ಇದ್ದವು, ರಕ್ತದಲ್ಲೇ ಬಂದದ್ದು. ಬಾಚಣಿಗೆ ತಾಗಿ ಎರಡು ಒಡೆದು, ಕೀವಾಗಿ, ನಾರತೊಡಗಿದವು. ದಿನವೆಲ್ಲ ಹೂವು ಕಟ್ಟಿದರೂ ಒಂದೆಳೆ ಮುಡಿಯಲಾರದಂಗಾಯ್ತು.

ತಾಲೂಕಿನ ಊರು ಹಡಗಲಿಯ ಡಾಕ್ಟರು ಗುಳಿಗೆ ಕೊಟ್ಟು, "ಕೀವು ಒಣಗಿದ ಮೇಲೆ ಆಪರೇಷನ್ ಮಾಡೋಣಮ್ಮ. ಒಳಗಿನ ಚೀಲ ಸಮೇತ ತೆಗೀಬೇಕು, ಇಲ್ಲಾಂದ್ರೆ ಮತ್ತೆ ತುಂಬ್ಕೊಳ್ತದೆ. ತಲೆ ಪೂರಾ ಬೋಳಿಸ್ಕೊಂಡು ಬಾ" ಅಂದರು.

ಅತ್ತೆ ನನ್ನ ಕೈ ಹಿಡಿದು ಎಬ್ಬಿಸಿಕೊಂಡೇ ಬಂದರು. "ಗಂಡ ಇರಾಕಿ ತಲಿ ಬೋಳಿಸ್ತಾಳೇನ? ನನ್ನ ಮಗ ಇನ್ನೂ ಗಟ್ಟಿ ಅದಾನ!"

ಕೀವು ಒಣಗಿದರೂ ವಾಸನೆ ಹೋಗಲಿಲ್ಲ. ಒಂದಿನ ಕಟ್ಟೆಯ ಮೇಲೆ ಹೂವು ಕಟ್ಟುವಾಗ ಪಕ್ಕದ ಮನೆ ಸಿದ್ದವ್ವ ಮೂಗಿಗೆ ಸೆರಗು ಹಿಡಿದು ದೂರ ಸರಿದಳು. "ಯಕ್ಕಾ, ನಿನ್ನ ಸೊಸಿ ಕಟ್ಟಿದ ಹೂವು ದೇವರಿಗೆ ಒಯ್ಯಬ್ಯಾಡ. ದೇವರಿಗೂ ಮೂಗೈತಿ" ಅಂದಳು.

"ಕಿವೀನೂ ಅದಾವ ಸಿದ್ದವ್ವ. ನಿನ್ನ ಮಾತೂ ಕೇಳ್ಯಾನ" ಅಂದರು ಅತ್ತೆ. ಆ ಹೊತ್ತು ಅಷ್ಟೇ.

ಮರುದಿನ ನನ್ನನ್ನು ಮೈಲಾರದ ದೇವರ ಗುಡಿಗೆ ಕರಕೊಂಡು ಹೋದರು. ಕ್ಷೌರದವನ ಮುಂದೆ ನನಗಿಂತ ಮೊದಲು ತಾವೇ ಕೂತರು. ನಾನು ಅವರ ತೋಳು ಹಿಡಿದೆ. "ಅತ್ತೀ, ಮಾವ ಅದಾರಲ್ರೀ!"

"ಹರಕಿ ಮುಡಿಗೆ ಯಾರೂ ಬೆರಳು ಮಾಡಲ್ಲ. ಇಬ್ರೂ ಕೊಟ್ರ ಹರಕಿ ಅಂತಾರ. ನೀ ಒಬ್ಬಾಕೀನ ಬೋಳಾದ್ರ ಬಾಯಿಗೆ ಬಂದದ್ದು ಅಂತಾರ. ಸುಮ್ನ ಕುಂದ್ರು."

ಮಾರುದ್ದದ ಜಡೆ ನೆಲಕ್ಕೆ ಬಿತ್ತು. ಅವರು ತಿರುಗಿ ಸಹ ನೋಡಲಿಲ್ಲ.

ಆಪರೇಷನ್ ದಿನ ತಲೆಗೆ ಸೂಜಿ ಚುಚ್ಚಿ ಮರಗಟ್ಟಿಸಿದರು. ನೋವಿರಲಿಲ್ಲ, ಕತ್ತರಿ ಸಪ್ಪಳ ಮಾತ್ರ ಬುರುಡೆಯೊಳಗೇ ಕೇಳುತ್ತಿತ್ತು. ತೆಗೆದದ್ದನ್ನು ತಟ್ಟೆಯಲ್ಲಿ ತೋರಿಸಿದರು. ಸುಲಿದ ಬೆಳ್ಳುಳ್ಳಿಯಂಗ ಬೆಳ್ಳಗಿದ್ದವು. ಬಾಗಿಲಲ್ಲಿ ನಿಂತಿದ್ದ ಅತ್ತೆ, "ಇಷ್ಟೂ ಹೊತ್ಕೊಂಡು ನನ್ನ ಮನ್ಯಾಗ ದುಡದ್ಯಲ್ಲೇ ತಾಯಿ" ಅಂತ ಅತ್ತುಬಿಟ್ಟರು.

ಗಾಯ ಮಾಯ್ದವು. ಆದರೆ ಅತ್ತೆಯ ಕೂದಲು ಇನ್ನೂ ಬೆರಳುದ್ದ ಬಂದಿರಲಿಲ್ಲ, ವಾಂತಿಭೇದಿಯಾಗಿ ತೀರಿಕೊಂಡರು. ಮುತ್ತೈದೆ ಹೆಣಕ್ಕೆ ಹೂವು ಮುಡಿಸಬೇಕು. ಮೊರದ ತುಂಬ ಮಲ್ಲಿಗೆಯಿತ್ತು, ಆ ಮೋಟು ಕೂದಲಲ್ಲಿ ನಿಲ್ಲಲಿಲ್ಲ. ಸಿಕ್ಕಿಸಿದಷ್ಟೂ ಜಾರಿತು. ಕಡೆಗೆ ನಾನೇ ಮಾಲೆಯ ದಾರವನ್ನು ಹಣೆ ಸುತ್ತ ತಂದು ಹಿಂದೆ ಗಂಟು ಹಾಕಿದೆ. ನನ್ನ ಸಲುವಾಗಿ ಹೋದ ಜಡೆ ಅದು.

ಸೋಮವಾರ ಕೂಸಿನ ಬೋಳು ತಲೆಗೂ ಹಂಗೇ ದಾರ ಸುತ್ತಿ ಮಲ್ಲಿಗೆ ಕಟ್ಟಿದೆ. ಚಪ್ಪಾಳೆ ತಟ್ಟಿ ಕುಣಿಯಿತು. ಮಗಳು ನಕ್ಕು, "ಯವ್ವಾ, ಬೋಳು ತಲಿಗೆ ಹೂವು ಕಟ್ಟಾದು ಎಲ್ಲಿ ಕಲ್ತಿ?" ಅಂದಳು.

ಬಾಯಲ್ಲಿ ಹೇಳುವಂಥದ್ದಲ್ಲ. ಅದಕ್ಕೇ ಬರೆದೆ.