ಏಲಕ್ಕಿ ಸ್ಟೋರಿನಲ್ಲಿ ಕಟ್ಟಿನ ಪೆಟ್ಟಿಗೆಗಳು

ಹೆಗ್ಗದ್ದೆಯ ಗುಂಡಯ್ಯ ಕೈಯ ಹಿಂಭಾಗವನ್ನು ಏಲಕ್ಕಿ ಸ್ಟೋರಿನ ಗೋಡೆಗೆ ತಾಗಿಸಿ "ಐವತ್ತೆರಡು" ಎಂದರೆ, ಒಳಗೆ ತೂಗುಹಾಕಿದ್ದ ಥರ್ಮಾಮೀಟರು ಐವತ್ತೊಂದೋ ಐವತ್ಮೂರೋ ತೋರಿಸುತ್ತಿತ್ತು. ಅದಕ್ಕಿಂತ ಹೆಚ್ಚು ತಪ್ಪಿದ್ದನ್ನು ಯಾರೂ ನೋಡಿರಲಿಲ್ಲ. ಇಪ್ಪತ್ತಾರು ವರ್ಷದಿಂದ ಆ ಬೆಂಕಿ ಅವನದೇ. ಸ್ಟೋರೆಂದರೆ ಎಸ್ಟೇಟಿನ ಕಲ್ಲುಗೋಡೆಯ ಒಂದು ಕೋಣೆ. ಹೊರಗಿನ ಒಲೆಯಲ್ಲಿ ಸೌದೆ ಉರಿಸಿದರೆ ಬಿಸಿಹೊಗೆ ಕೋಣೆಯ ನೆಲದುದ್ದಕ್ಕೂ ತಗಡಿನ ಕೊಳವೆಯೊಳಗೆ ಸುತ್ತಿ ಹೊರಗೆ ಹೋಗುತ್ತದೆ. ಮೇಲೆ ತಟ್ಟೆಗಳಲ್ಲಿ ಹರವಿದ ಹಸಿ ಏಲಕ್ಕಿ ಬಣ್ಣ ಕೆಡದೆ ಒಣಗುತ್ತದೆ.

ಮಳೆಗಾಲದಲ್ಲಿ ಊರಿನಲ್ಲಿ ಬೂಷ್ಟು ಹಿಡಿಯದ ಜಾಗ ಅದೊಂದೇ. ಹಾಗಾಗಿ ಹೆಗ್ಗದ್ದೆಯವರ ಮಾರ್ಕ್ಸ್ ಕಾರ್ಡು, ಜಮೀನಿನ ಪತ್ರ, ಮದುವೆ ಸೀರೆ, ಭಜನೆಯವರ ತಬಲ ಎಲ್ಲವೂ ಗುಂಡಯ್ಯನ ಕೈಗೆ ಬರುತ್ತಿದ್ದವು. ಒಂದೂ ಹಾಳಾಗಿರಲಿಲ್ಲ.

2004ರ ಜುಲೈ ಎರಡನೇ ವಾರ ಎಸ್ಟೇಟಿಗೆ ಒಂದು ಲಾರಿ ಬಂತು. ಮಾಲೀಕ ವೀರಭದ್ರಯ್ಯನವರ ಮಗಳು ಸುಚಿತ್ರಾ ಬೆಂಗಳೂರಿನಲ್ಲಿ ಸ್ವಂತವಾಗಿ ಆಮದು ವ್ಯಾಪಾರ ಶುರುಮಾಡಿದ್ದಳು. ಹಾಲೆಂಡಿನಿಂದ ಮಂಗಳೂರಿಗೆ ಬಂದಿಳಿದ ಅವಳ ಮೊದಲ ಸರಕು ಅದು: ಇನ್ನೂರ ಮೂವತ್ತು ಪೆಟ್ಟಿಗೆ, ಪೆಟ್ಟಿಗೆಗೆ ಹನ್ನೆರಡು ಪೊಟ್ಟಣ. ಬೆಂಗಳೂರಿನ ಗೋದಾಮು ತಿಂಗಳ ಕೊನೆಗೆ ಸಿಗುವುದಿತ್ತು. ಅಲ್ಲಿಯವರೆಗೆ ಇಲ್ಲೇ ಇರಲಿ ಎಂದು ಅವಳೂ ಜೊತೆಗೆ ಬಂದಿದ್ದಳು.

"ಒಳ್ಗೇನೈತವ್ವಾ?" ಎಂದ ಗುಂಡಯ್ಯ.

"ತರಕಾರಿ ಬೇಯಿಸಿ ಬಸಿದ ನೀರು. ನೀವು ಬಸ್ಸಾರಿಗೆ ಬಸಿಯಲ್ವಾ, ಆ ಥರ."

"ಕಟ್ಟಾ! ಲೇ ಲಿಂಗೀ, ಬಾ ಇಲ್ಲಿ. ನೀನು ದಿನಾ ಬಸಿಯೋ ಕಟ್ಟು ಹಡಗಲ್ಲಿ ಬಂದೈತೆ ಕಣೇ!"

ಅವನ ಹೆಂಡತಿ ಲಿಂಗಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ಪೊಟ್ಟಣವೊಂದನ್ನು ಅಲ್ಲಾಡಿಸಿದಳು. "ಬೆಳಿಗ್ಗೆ ಬಸಿದಿದ್ದು ಸಂಜೆಗೆ ಹುಳಿ ಆಯ್ತದೆ. ಇದೆಂಗೆ ಬಂತು ಅಷ್ಟು ದೂರದಿಂದ?"

"ಒಂದು ವರ್ಷ ಕೆಡಲ್ಲ ಲಿಂಗಮ್ಮ. ಫ್ರಿಜ್ಜೂ ಬೇಡ."

ಗಂಡಹೆಂಡಿರು ಮುಖ ಮುಖ ನೋಡಿಕೊಂಡರು. ಸುಚಿತ್ರಾ ಹೊರಡುವಾಗ ಗುಂಡಯ್ಯನಿಗೆ ಒಂದೇ ಮಾತು ಹೇಳಿದಳು. "ಇಪ್ಪತ್ತನೇ ತಾರೀಕು ಅಭಿಲಾಷ್ ಅಂತ ಒಬ್ಬರು ಬರ್ತಾರೆ. ಹನ್ನೊಂದು ಊರಲ್ಲಿ ಅವರ ಕಂಪನಿಯ ಅಂಗಡಿಗಳಿವೆ. ಸರಕು ನೋಡಿ ಒಪ್ಪಿದರೆ ಡೆಲ್ಲಿ, ಬಾಂಬೆ ಎಲ್ಲಾ ಕಡೆ ಹೋಗುತ್ತೆ. ಒಪ್ಪದಿದ್ದರೆ ನನ್ನ ವ್ಯಾಪಾರ ಇಲ್ಲಿಗೇ ಮುಗೀತು. ತೇವ ಮಾತ್ರ ತಾಗಬಾರದು ಗುಂಡಯ್ಯ. ನಿನ್ನ ಕೈಲಿದೆ."

ಏಲಕ್ಕಿಯ ಮೊದಲ ಕೊಯ್ಲಿಗೆ ಇನ್ನೂ ಮೂರು ವಾರವಿತ್ತು. ಆದರೂ ಗುಂಡಯ್ಯ ಸ್ಟೋರು ಗುಡಿಸಿ, ತಟ್ಟೆ ಬಿಚ್ಚಿ, ಪೆಟ್ಟಿಗೆ ಜೋಡಿಸಿದ. ತೊಂಬತ್ತಕ್ಕೆ ಜಾಗ ಮುಗಿಯಿತು. ಮಿಕ್ಕ ನೂರ ನಲವತ್ತನ್ನು ಮನಸ್ಸಿಲ್ಲದ ಮನಸ್ಸಿನಿಂದ, ಕಾಫಿಹಣ್ಣಿನ ಸಿಪ್ಪೆ ಬಿಡಿಸುವ ತೇವದ ಪಲ್ಪರ್ ಮನೆಯಲ್ಲಿ ಹಲಗೆಯ ಮೇಲೆ ಇಟ್ಟು ಟಾರ್ಪಾಲು ಹೊದಿಸಿದ. ಆಮೇಲೆ ಒಲೆ ಹೊತ್ತಿಸಿದ. ಒಂಬತ್ತು ದಿನ ಬೆಂಕಿ ಆರಲು ಬಿಡಲಿಲ್ಲ.

ಇಪ್ಪತ್ತನೇ ತಾರೀಕು ಬೆಳಿಗ್ಗೆ, ಬರುವವರಿಗೆ ತೋರಿಸಲೆಂದು, ಅವನು ಮೊದಲ ಪೆಟ್ಟಿಗೆ ಬಿಚ್ಚಿದ.

ಪೊಟ್ಟಣಗಳು ದಿಂಬಿನಂತೆ ಉಬ್ಬಿದ್ದವು. ಒಂದನ್ನು ಎತ್ತಿದ, ಅಂಚಿನ ಬೆಸುಗೆ ಬಿರಿದು ಮೊಣಕೈಯವರೆಗೆ ಚಿಮ್ಮಿತು. ಕೆಟ್ಟ ಗಿಣ್ಣಿನ ವಾಸನೆ. ಎರಡನೆಯ ಪೆಟ್ಟಿಗೆಯಲ್ಲೂ ಅದೇ. ಆರನೆಯದರಲ್ಲಿ ಪೊಟ್ಟಣ ಉಬ್ಬಿರಲಿಲ್ಲ. ಆಸೆಯಿಂದ ಕತ್ತರಿಸಿ ನಾಲಿಗೆಗೆ ತಾಗಿಸಿದರೆ ಹುಣಸೆಹುಳಿ. ಗೋಡೆ ಹಿಡಿಯಲು ಹೋದ ಕೈಯನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡ.

"ಏನಾಯ್ತು? ಹಾವೇನಾದ್ರೂ..." ಎಂದು ಓಡಿಬಂದ ಲಿಂಗಮ್ಮ ಮೂಗು ಮುಚ್ಚಿಕೊಂಡಳು. "ಅಯ್ಯೋ ಶಿವನೇ! ಒಂದ್ ವರ್ಷ ಕೆಡಲ್ಲ ಅಂದಿದ್ರಲ್ಲ?"

ಅಷ್ಟರಲ್ಲಿ ಜೀಪು ಬಂತು. ಸುಚಿತ್ರಾಳ ಜೊತೆ ಕನ್ನಡಕದ ಯುವಕನೊಬ್ಬ ಇಳಿದ, ಅವನೇ ಅಭಿಲಾಷ್. ಗುಂಡಯ್ಯ ಏನನ್ನೂ ಮುಚ್ಚಿಡಲಿಲ್ಲ. ಒದ್ದೆ ತೋಳು ಚಾಚಿಯೇ ಎದುರಿಗೆ ಹೋದ.

"ಎಲ್ಲಾ ಹಾಳಾಗ್ಬುಡ್ತು ಕಣವ್ವ. ತೇವ ಒಂದ್ ಚೂರೂ ತಾಗಿಲ್ಲ. ಆದ್ರೂ ಹಾಳಾಗ್ಬುಡ್ತು."

ಸುಚಿತ್ರಾ ಸ್ಟೋರಿನ ಬಾಗಿಲಲ್ಲಿ ನಿಂತಳು. ಮುಖಕ್ಕೆ ಝಳ ಬಡಿಯಿತು. "ಇಲ್ಲಿಟ್ಟೆಯಾ? ಎಷ್ಟು ಬಿಸಿ ಇತ್ತು?"

"ಐವತ್ನಾಲ್ಕು. ಏಲಕ್ಕಿಗೂ ಇಷ್ಟು ಜೋಪಾನ ಮಾಡಿಲ್ಲ ಕಣವ್ವ."

ಅವಳು ಪೆಟ್ಟಿಗೆಯೊಂದನ್ನು ಬೆಳಕಿಗೆ ತಿರುಗಿಸಿದಳು. ಪೆಟ್ಟಿಗೆಯ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾಗಿದ್ದುದು "ತಂಪಾದ, ಒಣ ಜಾಗದಲ್ಲಿಡಿ" ಎಂದು. ಅವಳು ಅರ್ಧ ಮಾತ್ರ ಹೇಳಿದ್ದಳು. ಜುಲೈ ತಿಂಗಳಲ್ಲಿ ಹೆಗ್ಗದ್ದೆಯವರಿಗೆ ತಂಪಾಗಿಡಿ ಎಂದೂ ಹೇಳಬೇಕಾದೀತೆಂದು ಅವಳಿಗೆ ಹೊಳೆದಿರಲಿಲ್ಲ.

ಆಗಿದ್ದಿಷ್ಟು. ಕಾರ್ಖಾನೆಯಲ್ಲಿ ಕಟ್ಟನ್ನು ಕುದಿಬಿಂದುವಿಗಿಂತ ಬಹಳ ಮೇಲಕ್ಕೆ ಕೆಲವೇ ಸೆಕೆಂಡು ಕಾಯಿಸಿ, ಗಾಳಿಯಾಡದ ಪೊಟ್ಟಣಕ್ಕೆ ತುಂಬುತ್ತಾರೆ. ಕೆಡಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ. ಬಲು ಗಟ್ಟಿಯಾದ ಕೆಲವು ಬೀಜಾಣುಗಳು ಮಾತ್ರ ಉಳಿಯಬಹುದು. ನಲವತ್ತು ಡಿಗ್ರಿಯ ಕೆಳಗೆ ಅವು ಮೊಳೆಯುವುದಿಲ್ಲವಾದ್ದರಿಂದ ಯಾರಿಗೂ ತೊಂದರೆಯಿಲ್ಲ. ಐವತ್ತೈದರ ಆಸುಪಾಸು ಅವಕ್ಕೆ ಸುಗ್ಗಿ. ಗುಂಡಯ್ಯನ ಕೈ ಒಂಬತ್ತು ದಿನ ಆ ಬಿಸಿಯನ್ನೇ ಕರಾರುವಾಕ್ಕಾಗಿ ಕಾಯ್ದಿತ್ತು.

"ಎಲ್ಲಾ ಇನ್ನೂರ ಮೂವತ್ತೂ ಇಲ್ಲೇ ಇದ್ದವಾ?" ಅಭಿಲಾಷ್ ಕೇಳಿದ.

ಗುಂಡಯ್ಯ ತಲೆ ತಗ್ಗಿಸಿದ. "ಮಿಕ್ಕವು ಪಲ್ಪರ್ ಮನೇಲಿ. ಅವನ್ನ ನೋಡೋಹಂಗಿಲ್ಲ ಸ್ವಾಮಿ. ನಂಗೇ ಮುಖ ತೋರ್ಸಕ್ ಆಗಲ್ಲ."

ನೋಡುವಂತಿರಲೂ ಇಲ್ಲ. ಟಾರ್ಪಾಲು ಎತ್ತಿದರೆ ಪೆಟ್ಟಿಗೆಗಳ ಮೇಲೆ ಬೂದಿಬಣ್ಣದ ಬೂಷ್ಟು. ಅಡಿಯ ರಟ್ಟು ನೆನೆದ ರೊಟ್ಟಿಯಂತೆ ಕೈಗೆ ಕಿತ್ತು ಬಂತು. ಒಂದರ ಮೇಲೆ ಬಸವನಹುಳು. ಲಿಂಗಮ್ಮ ಗಂಡನ ಮುಖ ನೋಡಲಾರದೆ ಹುಳವನ್ನು ಎತ್ತಿ ಹೊರಗೆ ಬಿಟ್ಟಳು. ಅಭಿಲಾಷ್ ಒಳಗಿನ ಒಂದು ಪೊಟ್ಟಣ ತೆಗೆದು ಕರವಸ್ತ್ರದಿಂದ ಒರೆಸಿ ಒತ್ತಿ ನೋಡಿದ. ಉಬ್ಬಿರಲಿಲ್ಲ. ಮೂಲೆ ಕತ್ತರಿಸಿ ಮೂಸಿದ. ಲಿಂಗಮ್ಮನ ಕೈಗೆ ಕೊಟ್ಟ. ಅವಳು ಒಲೆಯ ಮೇಲಿಟ್ಟು ಕುದಿಸಿ ನಾಲ್ಕು ಲೋಟಕ್ಕೆ ಬಗ್ಗಿಸಿದಳು.

ಗುಂಡಯ್ಯ ಲೋಟವನ್ನು ಮೊದಲು ಮೂಸಿದ. ಆಮೇಲೆ ಒಂದು ಗುಟುಕು ಕುಡಿದ. ಕಣ್ಣು ಅಗಲವಾಯಿತು.

"ಹುಳಿ ಇಲ್ಲ!" ಅಂದ. ಇನ್ನೊಂದು ಗುಟುಕು. "ಇಲ್ಲ ಕಣೇ ಲಿಂಗೀ, ಹುಳಿ ಇಲ್ಲ! ಬೂಷ್ಟಲ್ಲಿ ಬಿದ್ದಿತ್ತಲ್ಲೇ ಇದು!"

"ಉಪ್ಪು ಕಮ್ಮಿ," ಅಂದಳು ಲಿಂಗಮ್ಮ.

ಅಭಿಲಾಷ್ ನಕ್ಕ, ಸುಚಿತ್ರಾ ನಗಲಿಲ್ಲ. ಅವನು ನಿಧಾನವಾಗಿ ಹೇಳಿದ: ಬಿಸಿಯಲ್ಲಿದ್ದ ತೊಂಬತ್ತು ಪೆಟ್ಟಿಗೆಯಲ್ಲಿ, ಉಬ್ಬದೇ ಇದ್ದದ್ದೂ ಸೇರಿ, ಒಂದೂ ಬೇಡ. ಪಲ್ಪರ್ ಮನೆಯವುಗಳಲ್ಲಿ ಇಪ್ಪತ್ತು ಪೊಟ್ಟಣ ಬೆಂಗಳೂರಿನ ಲ್ಯಾಬಿಗೆ ಹೋಗಲಿ. ಪಾಸಾದರೆ ಹೊಸ ಪೆಟ್ಟಿಗೆಗೆ ಹಾಕಿ ಕಳಿಸಿ.

ಗುಂಡಯ್ಯ ಆ ಸಾವಿರದ ಎಂಬತ್ತು ಪೊಟ್ಟಣಗಳನ್ನು ತಾನೇ ಒಂದೊಂದಾಗಿ ಕುಯ್ದು ಗುಂಡಿಗೆ ಸುರಿದ. ಸುಚಿತ್ರಾ ಆಳು ಕಳಿಸುತ್ತೇನೆಂದರೂ ಒಪ್ಪಲಿಲ್ಲ. ಮೂರು ದಿನ ಹಿಡಿಯಿತು. ಅಷ್ಟೂ ದಿನ ಮನೆಯಲ್ಲಿ ಬಸ್ಸಾರು ಮಾಡಬೇಡ ಎಂದ. ಆ ವರ್ಷದ ಏಲಕ್ಕಿಗೆ ಗೋಡೆ ಮುಟ್ಟದೆ, ಥರ್ಮಾಮೀಟರು ನೋಡಿಯೇ ಬೆಂಕಿ ಹಾಕಿದ.

ಲ್ಯಾಬಿನ ವರದಿ ಆಗಸ್ಟಿನಲ್ಲಿ ಬಂತು, ಇಪ್ಪತ್ತೂ ಪಾಸು. ಸರಕು ಹನ್ನೊಂದು ಊರಿಗೆ ಹೋಯಿತು. ಮುಂದಿನ ಮಳೆಗಾಲದಲ್ಲಿ ಇನ್ನೊಂದು ಲಾರಿ ಬಂದಾಗ ಸುಚಿತ್ರಾ ಮತ್ತೆ ಅವನನ್ನೇ ಕರೆದಳು. ಗುಂಡಯ್ಯ ಪೆಟ್ಟಿಗೆ ಮುಟ್ಟಲಿಲ್ಲ.

"ಎಷ್ಟು ಡಿಗ್ರಿ ಒಳ್ಗಿರ್ಬೇಕು, ಅದ್ನ ಮೊದ್ಲು ಹೇಳವ್ವ."

"ಮೂವತ್ತು."

ಅವನು ಪಲ್ಪರ್ ಮನೆಗೆ ಹೋಗಿ, ವರ್ಷದ ನಂತರ ಮೊದಲ ಸಲ, ಕೈಯ ಹಿಂಭಾಗವನ್ನು ತಣ್ಣನೆಯ ಗೋಡೆಗೆ ತಾಗಿಸಿದ. "ಇಪ್ಪತ್ತೊಂದು," ಅಂದ. ಲಿಂಗಮ್ಮ ಸ್ಟೋರಿನಿಂದ ಥರ್ಮಾಮೀಟರು ತಂದಿದ್ದಳು. ಪಾದರಸ ನಿಲ್ಲುವವರೆಗೆ ಮೂವರೂ ಕಾದರು.

ಇಪ್ಪತ್ತೆರಡು.