ನಮ್ಮ ನೆಲದಲ್ಲಿ ನಿದ್ದೆ ನಿಷಿದ್ಧ

“ರಾತ್ರಿ ನೀವು ಇಲ್ಲಿ ಮಲಗ್ತೀರಾ?”

ನಮ್ಮ ಹೆಸರಿಗೆ ನೋಂದಣಿಯಾದ ಜಮೀನಿನಲ್ಲಿ, ನಮ್ಮದೇ ಬಾಗಿಲ ಮುಂದೆ ನಿಂತು, ಮಂಡಿಯವರೆಗೆ ರಬ್ಬರ್ ಬೂಟು ಹಾಕಿದ್ದ ಮಹಿಳೆಯೊಬ್ಬಳು ಬೆಳಗ್ಗೆ ಎಂಟು ಗಂಟೆಗೆ ಕೇಳಿದ ಪ್ರಶ್ನೆ ಇದು. ಮೈಸೂರಿನಲ್ಲಿ ಇಂಥ ಪ್ರಶ್ನೆಯನ್ನು ರೈಲ್ವೆ ಪ್ಲಾಟ್‌ಫಾರಂನಲ್ಲಿ ಬೆಂಚಿನ ಮೇಲೆ ಒರಗಿದವರಿಗೆ ಪೊಲೀಸರು ಕೇಳುತ್ತಾರೆ. ಜಮೀನಿನ ಯಜಮಾನನನ್ನು ಯಾರಾದರೂ ಕೇಳಿದ್ದು ನಾನರಿಯೆ.

“ಇಲ್ಲ. ಗಾಡಿ ನಿಲ್ಲಿಸಿದೀವಿ, ಅಷ್ಟೆ,” ಎಂದೆ, ಕಟಕಟೆಯಲ್ಲಿ ನಿಂತ ಸಾಕ್ಷಿಯ ಗಾಂಭೀರ್ಯದಿಂದ.

ಗಾಡಿಯೊಳಗೆ ಕುಕ್ಕರ್ ಕೂಗಿತು.

ಆಕೆ ಹುಬ್ಬೇರಿಸಿದಳು. ಕುಕ್ಕರ್ ಇನ್ನೊಮ್ಮೆ ಕೂಗಿತು. ಒಳಗಿದ್ದ ನನ್ನ ಹೆಂಡತಿ ಪದ್ಮ, ಭೂಮಿ ಬಿರಿದರೂ ಮೂರು ಕೂಗಿಗೆ ಮುಂಚೆ ಬೇಳೆ ಇಳಿಸುವವಳಲ್ಲ. ಮೂರನೆಯದಕ್ಕೆ ನಾವಿಬ್ಬರೂ ಹೊರಗೆ ನಿಂತು ಕಾದೆವು.

ಆ ಗಾಡಿಗೆ ಈ ಪರದೇಶದಲ್ಲಿ ಆರ್‌ವಿ ಎನ್ನುತ್ತಾರೆ. ಒಲೆ, ಹಾಸಿಗೆ, ಬಚ್ಚಲು ಎಲ್ಲವನ್ನೂ ಒಂದು ಮಿನಿ ಬಸ್ಸಿನೊಳಗೆ ಮಡಿಸಿಟ್ಟ, ಚಕ್ರದ ಮೇಲಿನ ಮನೆ. ಇಲ್ಲಿನ ಪಾರ್ಸಿಪನಿ ಎಂಬ ಊರಿನಲ್ಲಿ ಇಪ್ಪತ್ತೆರಡು ವರ್ಷ ಬಾಡಿಗೆಗಿದ್ದು, ನಾಲ್ಕು ಅಪಾರ್ಟ್‌ಮೆಂಟು ಬದಲಾಯಿಸಿ, ನಾಲ್ಕು ಸಲವೂ ಪರರ ಒಲೆಯ ಮೇಲೆ ಹಾಲುಕ್ಕಿಸಿ ಹೊಗೆಯ ಅಲಾರಂ ಬಡಿಸಿದ ಪದ್ಮ, “ಇನ್ನೊಂದ್ಸಲ ಹಾಲುಕ್ಕಿಸಿದ್ರೆ ನಮ್ಮ ನೆಲದಲ್ಲೇ ರೀ,” ಎಂದು ತೀರ್ಪಿತ್ತಿದ್ದಳು. ಅದರಂತೆ ಒಂದು ಗಂಟೆ ದೂರದ ಗುಡ್ಡಗಳ ನಡುವೆ ಒಂದೂವರೆ ಎಕರೆ ಕಾಡು ಕೊಂಡೆವು. ಮನೆ ಏಳುವವರೆಗೆ ಆರ್‌ವಿಯಲ್ಲಿ ಇರುವುದು ಎಂದು ಅಪಾರ್ಟ್‌ಮೆಂಟಿನ ಬೀಗದಕೈ ಹಿಂದಿರುಗಿಸಿಯೂ ಆಗಿತ್ತು. ಇಲ್ಲಿಂದ ಎಬ್ಬಿಸಿದರೆ ಹೋಗಲು ನಮಗೆ ಬೇರೆ ಸೂರಿರಲಿಲ್ಲ.

ಬೂಟಿನ ಮಹಿಳೆ ಊರಿನ ಜೋನಿಂಗ್ ಆಫೀಸರ್. ಯಾವ ನೆಲದ ಮೇಲೆ ಯಾರು ಏನು ಮಾಡಬಹುದೆಂಬ ಕಟ್ಟಳೆಗೆ ಜೋನಿಂಗ್ ಎಂದು ಹೆಸರು. ಆಕೆ ನಿಧಾನವಾಗಿ, ನೋವಾಗದಂತೆ ವಿವರಿಸಿದಳು: ಸ್ವಂತ ಜಮೀನಿನಲ್ಲಿ ಆರ್‌ವಿ ನಿಲ್ಲಿಸಬಹುದು, ಅದರಲ್ಲಿ ವಾಸಿಸಕೂಡದು. ಮನೆ ಕಟ್ಟುವಾಗ ತಾತ್ಕಾಲಿಕ ಅನುಮತಿ ಸಿಗುತ್ತದೆ, ಆದರೆ ಮೊದಲು ಕಟ್ಟಡದ ಪರ್ಮಿಟ್ ಬರಬೇಕು. ಅದು ಬರಬೇಕಾದರೆ ಕಕ್ಕಸು ಗುಂಡಿಯ ನಕ್ಷೆ ಮಂಜೂರಾಗಬೇಕು. ಒಟ್ಟು ತಾತ್ಪರ್ಯ: ನಮ್ಮ ನೆಲದಲ್ಲಿ ನಮ್ಮ ಗಾಡಿ ಮಲಗಬಹುದು, ನಾವು ಮಲಗುವಂತಿಲ್ಲ.

ಇಲ್ಲಿಗೆ ಬರುವ ಮುಂಚೆ ನಾನು ನಮ್ಮ ಕಡೆಯ ಪುರಸಭೆಯೊಂದರಲ್ಲಿ ಓವರ್‌ಸಿಯರ್ ಆಗಿದ್ದವನು. ಮನೆಯ ಸುತ್ತ ಖಾಲಿ ಬಿಡಬೇಕಾದ ಜಾಗ ನಕ್ಷೆಯಲ್ಲಿ ಕಡ್ಡಾಯವಾಗಿ ಇರುತ್ತಿತ್ತು, ನೆಲದಲ್ಲಿ ಕಡ್ಡಾಯವಾಗಿ ಇರುತ್ತಿರಲಿಲ್ಲ. ಅಲ್ಲಿ ನಿಯಮ ಕಡತದಲ್ಲಿ ವಾಸಿಸುತ್ತದೆ, ಜನ ಮನೆಯಲ್ಲಿ ವಾಸಿಸುತ್ತಾರೆ; ಒಬ್ಬರ ತಂಟೆಗೆ ಇನ್ನೊಬ್ಬರು ಹೋಗುವುದಿಲ್ಲ. ಇಲ್ಲಿ ನಿಯಮಕ್ಕೆ ಬೂಟು ಇದೆ, ಕಾರಿದೆ, ಬೆಳಗ್ಗೆ ಎಂಟಕ್ಕೆ ಬಂದು ಬಾಗಿಲು ತಟ್ಟುತ್ತದೆ.

ಹೊರಡುವ ಮುಂಚೆ ಆಕೆ ನೆಲ ನೋಡಿದಳು. ಬಾಗಿಲ ಹೊರಗೆ ಎರಡು ಜೊತೆ ಚಪ್ಪಲಿ. ಮುಂದೆ ಜಲ್ಲಿ ಸರಿಸಿ, ಮಣ್ಣು ಬಡಿದು ಪದ್ಮ ಇಟ್ಟ ರಂಗೋಲಿ.

“ಯಾರೂ ವಾಸ ಇಲ್ಲ ಅಂದ್ರಿ.”

“ಅದು... ಗಾಡಿಗೆ ದೃಷ್ಟಿಯಾಗದಿರಲಿ ಅಂತ.”

ಆಕೆ ಅದನ್ನೂ ಬರೆದುಕೊಂಡಳು.

ಆಕೆಗೆ ನಮ್ಮ ಮೇಲೆ ದೂರು ಕೊಟ್ಟವರಾರು? ನನಗೆ ಕ್ಷಣಮಾತ್ರವೂ ಸಂದೇಹವಿರಲಿಲ್ಲ. ಪಕ್ಕದ ಜಮೀನಿನ ಮುದುಕ ಕಾರ್ಲ್ ದಿನವಿಡೀ ಬೈನಾಕ್ಯುಲರ್ ಹಿಡಿದು ವರಾಂಡದಲ್ಲಿ ಕೂರುತ್ತಾನೆ. ಕೇಳಿದರೆ ಹಕ್ಕಿ ಎನ್ನುತ್ತಾನೆ. ನಾವು ಬಂದ ವಾರವೇ ಸೇಬಿನ ಪೈ, ಅಂದರೆ ಹೋಳಿಗೆಯ ಸ್ಥೂಲಕಾಯದ ಅಣ್ಣನಂಥ ಒಂದು ಸಿಹಿಯನ್ನು, ತಂದುಕೊಟ್ಟು ಒಳಗೆ ಇಣುಕಿ ಹೋಗಿದ್ದ. ಹಬ್ಬವಲ್ಲದ ದಿನ ಸಿಹಿ ತರುವವನನ್ನು ನಂಬಬಾರದೆಂಬುದು ನನ್ನ ಸರ್ವಿಸಿನ ಅನುಭವ.

“ಪಾಪ ಕಣ್ರೀ, ಒಂಟಿ ಜೀವ. ಮಾತಾಡೋಕೆ ಬಂದಿರ್ತಾರೆ,” ಎಂದಳು ಪದ್ಮ.

“ಗೂಢಚಾರರೆಲ್ಲ ಒಂಟಿ ಜೀವಗಳೇ ಕಣೇ.”

ಮರುದಿನ ಟೌನ್ ಆಫೀಸಿಗೆ ಹೋಗಿ, ನಮ್ಮ ಕಡತ ನೋಡಬೇಕೆಂದೆ. ಒಂದು ಮಾತಿಲ್ಲದೆ ಮುಂದಿಟ್ಟರು. ಕಡತವನ್ನು ಕೇಳಿದ ತಕ್ಷಣ ಕೊಡುವ ಕಚೇರಿ! ಅದರ ಮೇಲೂ ನನಗೆ ಅನುಮಾನ ಬಂತು. ತೆರೆದೆ. ಕಾರ್ಲನ ಹೆಸರು ಎಲ್ಲೂ ಇರಲಿಲ್ಲ. ಮೊದಲ ಪುಟಕ್ಕೆ ಪಿನ್ನು ಹೊಡೆದಿದ್ದುದು ಅರಿಶಿನ ಹಚ್ಚಿದ ನಾಲ್ಕು ಮೂಲೆಗಳ ಒಂದು ಕಾರ್ಡು.

ನಮ್ಮ ಗೃಹಪ್ರವೇಶದ ಆಮಂತ್ರಣ.

ಆರ್‌ವಿಯಲ್ಲಿ ಹಾಲುಕ್ಕಿಸುವ ದಿನ ನಾಲ್ಕು ಜನರನ್ನಾದರೂ ಕರೆಯಬೇಕೆಂದು ಅಚ್ಚು ಹಾಕಿಸಿದ್ದು. ಊರಿನ ಹಿರಿಯರನ್ನು ಬಿಟ್ಟರೆ ಅಪಚಾರವಾದೀತೆಂದು ಟೌನ್ ಆಫೀಸಿಗೆ ಒಂದು ಕಾರ್ಡನ್ನು ನಾನೇ ಖುದ್ದಾಗಿ, ಲಾಡುವಿನ ಸಮೇತ, ಕೊಟ್ಟು ಬಂದಿದ್ದೆ. ನಮ್ಮಲ್ಲಿ ಇಂಥ ಕಾರ್ಡಿನ ಒಕ್ಕಣೆ ಗೊತ್ತೇ ಇದೆಯಲ್ಲ: “ನಾವು ನೂತನವಾಗಿ ಕಟ್ಟಿಸಿರುವ ಮನೆಯ ಗೃಹಪ್ರವೇಶವನ್ನು ಗುರುಹಿರಿಯರು ನಿಶ್ಚಯಿಸಿರುವುದರಿಂದ...” ಅದನ್ನು ಒಂದಕ್ಷರ ಬಿಡದೆ ಇಂಗ್ಲಿಷಿಗೆ ಇಳಿಸಿದ್ದೆ. ಪರ್ಮಿಟ್ಟಿಲ್ಲದ ಜಾಗದಲ್ಲಿ ನೂತನ ಮನೆ ಕಟ್ಟಿದ್ದೇವೆ, ಅದರಲ್ಲಿ ವಾಸ ಆರಂಭಿಸುತ್ತಿದ್ದೇವೆ, ಹಿರಿಯರು ಒಪ್ಪಿದ್ದಾರೆ; ಕೆಳಗೆ ನನ್ನ ಹೆಸರು, ಜಮೀನಿನ ವಿಳಾಸ, ಮುಹೂರ್ತ.

ನನ್ನ ಮೇಲೆ ನಾನೇ ದೂರು ಕೊಟ್ಟಿದ್ದೆ. ಅದೂ ಲಾಡು ಕೊಟ್ಟು.

ಪದ್ಮ ನಗುತ್ತಾಳೆಂದುಕೊಂಡೆ. ಆಕೆ ನಗಲಿಲ್ಲ. “ಹಾಲುಕ್ಕಿಸಿದ ಮನೆ ಬಿಟ್ಟು ಎದ್ದು ಹೋಗೋದಾ?” ಎಂದಷ್ಟೇ ಕೇಳಿದಳು.

ಹೋದೆವು. ಹನ್ನೆರಡು ಮೈಲಿ ದೂರದಲ್ಲಿ ಕ್ಯಾಂಪ್‌ಗ್ರೌಂಡ್ ಇದೆ. ಆರ್‌ವಿಗಳನ್ನು ಸಾಲಾಗಿ ನಿಲ್ಲಿಸಿ ಬಾಡಿಗೆಗೆ ಇರುವ ಬಯಲು. ಪರರ ನೆಲದಲ್ಲಿ ಅಪರಿಚಿತರ ನಡುವೆ ಮಲಗುವುದು ಸಂಪೂರ್ಣ ಕಾನೂನುಬದ್ಧ. ಅಲ್ಲಿ ಪದ್ಮ ಅಡುಗೆ ಮಾಡುತ್ತಾಳೆ, ಬಟ್ಟೆ ಒಣಹಾಕುತ್ತಾಳೆ, ಬಾಗಿಲಿಗೆ ಮಾತ್ರ ರಂಗೋಲಿ ಇಡುವುದಿಲ್ಲ. ದಿನಾ ಬೆಳಗ್ಗೆ ನನ್ನನ್ನು ಕಾರು ಹತ್ತಿಸಿ ತಾನೂ ಜಮೀನಿಗೆ ಹೊರಡುತ್ತಾಳೆ. ಜಮೀನಿನಲ್ಲಿ, ಬಾಗಿಲೇ ಇಲ್ಲದ ಬಾಗಿಲ ಜಾಗದಲ್ಲಿ, ನೀರು ಚಿಮುಕಿಸಿ ಚುಕ್ಕಿ ಇಡುತ್ತಾಳೆ. ಕಾರ್ಲ್ ಬೈನಾಕ್ಯುಲರ್ ಇಳಿಸಿ ಕೈ ಬೀಸುತ್ತಾನೆ. ನಾನೂ ಬೀಸುತ್ತೇನೆ, ಅರ್ಧಕ್ಕೆ. ದೂರು ಕೊಡಲಿಲ್ಲ ನಿಜ; ಪೈ ಯಾಕೆ ಕೊಟ್ಟ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಕಳೆದ ವಾರ ಬೂಟಿನ ಮಹಿಳೆ ತಪಾಸಣೆಗೆ ಮತ್ತೆ ಬಂದಳು. ಖಾಲಿ ಜಲ್ಲಿ ನೋಡಿದಳು. ಹಸಿ ರಂಗೋಲಿ ನೋಡಿದಳು. ಕೈಯಲ್ಲಿದ್ದ ನಿಯಮದ ಹಾಳೆ ತಿರುವಿದಳು. ರಂಗೋಲಿಯ ವಿಚಾರ ಅದರಲ್ಲಿ ಇರಲಿಲ್ಲವೆಂದು ಕಾಣುತ್ತದೆ.

“ಹಾಗಾದ್ರೆ ನೀವು ಈಗ ಇರೋದೆಲ್ಲಿ?” ಎಂದಳು.

ಇಪ್ಪತ್ತೆರಡು ವರ್ಷದಿಂದ ಮೈಸೂರಿನ ನೆಂಟರೂ ಫೋನಿನಲ್ಲಿ ಇದನ್ನೇ ಬೇರೆ ಬೇರೆ ದನಿಯಲ್ಲಿ ಕೇಳುತ್ತಿದ್ದಾರೆ. ಅವರಿಗೆ ಕೊಡುವಂಥ ಹಾರಿಕೆಯ ಉತ್ತರವೊಂದನ್ನು ನಾನು ಹುಡುಕುತ್ತಿದ್ದೆ. ಪದ್ಮ ರಂಗೋಲಿಯ ಪಕ್ಕ ಕೂತಲ್ಲಿಂದಲೇ, ಬಿಳಿ ಮೆತ್ತಿದ ಬೆರಳನ್ನು ಮೊದಲು ರಸ್ತೆಯ ಕಡೆ, ಆಮೇಲೆ ನೆಲಕ್ಕೆ ತೋರಿಸಿದಳು.

“ಮಲಗೋದು ಅಲ್ಲಿ. ಇರೋದು ಇಲ್ಲಿ.”

ಬೂಟಿನ ಮಹಿಳೆ ತಲೆಯಾಡಿಸಿ, ರಂಗೋಲಿ ತುಳಿಯದಂತೆ ಸುತ್ತುಹಾಕಿ ಕಾರಿನ ಕಡೆ ನಡೆದಳು. ಪೆನ್ನು ಜೇಬಿನಿಂದ ಹೊರಗೇ ಬರಲಿಲ್ಲ. ಪ್ರತಿಯೊಂದನ್ನೂ ಬರೆದುಕೊಳ್ಳುವವಳು ಇದನ್ನು ಯಾಕೆ ಬರೆದುಕೊಳ್ಳಲಿಲ್ಲ? ನನ್ನ ಈಗಿನ ಅನುಮಾನವೆಲ್ಲ ಅದರ ಮೇಲೆ.